ಭೈರವಿ ಹಾಡಿದ ಮಧ್ಯಾಹ್ನ

ಧರಣಿಗೆ ಜಮಖಾನೆ, ತಂಬೂರಿ, ಒರಗು ದಿಂಬು ಹೊತ್ತುಕೊಂಡು ಹೋದವರು ನಮ್ಮ ಜಿಲ್ಲೆಯಲ್ಲಿ ನಾವೊಬ್ಬರೇ ಇರಬೇಕು. ದಿಂಬು ಬೇಡವೆಂದು ನಾನು ಹೇಳಿದ್ದೆ. ಹದಿನಾರು ವರ್ಷದ ಹುಡುಗಿಯ ಮಾತು ಯಾರು ಕೇಳುತ್ತಾರೆ? ಸಂಗೀತ ಮಂಡಳಿಯ ಹಿರಿಯರಿಗೆ ಬೆನ್ನಿಗೆ ಆಸರೆಯಿಲ್ಲದೆ ಕೂತು ಅಭ್ಯಾಸವಿರಲಿಲ್ಲ. ಧರಣಿ ಕೂತಂತೂ ಅಭ್ಯಾಸ ಇರಲೇ ಇಲ್ಲ.

ಕಾರವಾರದ ಪೇಟೆಯಲ್ಲಿ ಒಂದು ಹಳೆಯ ಸಭಾಗೃಹವಿತ್ತು. ತಿಂಗಳಿಗೊಮ್ಮೆ ಕೆಳಗಡೆ ಮಂಡಳಿಯ ಹಾಡಿನ ಬೈಠಕ್ಕು, ಪ್ರತಿ ಭಾನುವಾರ ಮಹಡಿಯ ಕೋಣೆಯಲ್ಲಿ ಅಕ್ಕೋರ ಹಾಡಿನ ತರಗತಿ. ಟೀಚರನ್ನು ನಮ್ಮ ಕಡೆ ಅಕ್ಕೋರು ಅಂತಲೇ ಕರೆಯುವುದು. ಇವರು ಶಾಲೆಯಿಂದ ನಿವೃತ್ತರಾದ ಮೇಲೆ ಗಂಟಲಿನ ಆಪರೇಷನ್ ಆಗಿ ಹಾಡು ಬಿಟ್ಟುಹೋಗಿತ್ತು. ಹಾರ್ಮೋನಿಯಂ ಮೇಲೆ ಬೆರಳಾಡಿಸಿ, ತಪ್ಪಿದರೆ ಕಣ್ಣು ದೊಡ್ಡದು ಮಾಡಿ ಕಲಿಸುತ್ತಿದ್ದರು. ಆ ಕಟ್ಟಡ ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರೆಂದು ಸುದ್ದಿ ಬಂತು. ಸುದ್ದಿ ಬಂದ ಮೇಲೆ ನಾಲ್ಕು ಸಭೆ ಸೇರಿ, ನಾಲ್ಕರಲ್ಲೂ ಚಹಾ ಕುಡಿದು, ಕೊನೆಗೆ ಮಂಡಳಿಯವರು ಧರಣಿಗೆ ಕೂರುವುದೆಂದು ತೀರ್ಮಾನಿಸಿದರು.

ನಾನು ಅಂಕೋಲೆಯವಳು. ಅಪ್ಪ ಬೈತಖೋಲದ ಬಂದರಿನಿಂದ ಹೊರಡುವ ಟ್ರಾಲರಿನಲ್ಲಿ ಕೆಲಸಕ್ಕೆ, ಅಮ್ಮ, ನಾನು ಆಯಿ ಅನ್ನುವುದು, ಅಂಕೋಲೆಯ ಮೀನು ಪೇಟೆಯಲ್ಲಿ. ನಮ್ಮ ಕೇರಿಯಲ್ಲಿ ಮನೆಗಳದ್ದು ಗೋಡೆಗೆ ಗೋಡೆ. ನಾನು ಈಚೆ ಷಡ್ಜ ಹಿಡಿದರೆ ಆಚೆಯವರು ಟಿವಿ ದೊಡ್ಡದು ಮಾಡುತ್ತಿದ್ದರು, ಅವರದ್ದೇನೂ ತಪ್ಪಿಲ್ಲ. ಬಾಯಿ ಬಿಟ್ಟು ಹಾಡಲು ನನಗೆ ಭೂಮಿಯ ಮೇಲಿದ್ದದ್ದು ಆ ಮಹಡಿಯ ಕೋಣೆ ಒಂದೇ. ಅಲ್ಲಿ ತಾರಸ್ಥಾಯಿಗೆ ಹೋದಾಗ ಕಿಟಕಿಯ ಗಾಜು ಸಣ್ಣಗೆ ಗುಂಯ್ ಅನ್ನುತ್ತಿತ್ತು. ಆಗ ನನಗೆ ಎಂಥ ಖುಷಿಯಾಗುತ್ತಿತ್ತೆಂದರೆ ವಾಪಸು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿರುತ್ತಿದ್ದೆ.

ಭಾನುವಾರವೆಂದರೆ ಆಯಿಗೆ ಕೈತುಂಬ ವ್ಯಾಪಾರ. ಮೊಣಕಾಲು ನೋವು ಬೇರೆ, ಬುಟ್ಟಿ ಎತ್ತಲು ಜೊತೆಗೊಬ್ಬರು ಬೇಕು. ಆದರೂ ನನ್ನನ್ನು ತರಗತಿಗೆ ಬಿಟ್ಟಿದ್ದಳು. ಧರಣಿಯ ವಿಷಯ ಹೇಳಿದಾಗ ಮೊದಲು ಕೇಳಿದ್ದು, ಪೊಲೀಸರು ಹೆಸರು ಬರೆದುಕೊಳ್ಳುತ್ತಾರೋ ಎಂದು. ಆಮೇಲೆ ಮೀನಿನ ಬುಟ್ಟಿ ತೊಳೆಯುತ್ತಲೇ ಕರಾರು ಹೇಳಿದಳು.

“ಹಾಡೂಕೆ ಜಾಗ ಇರೂವರಿಗೆ ಆಯ್ತಾರ ನಿಂದು. ಜಾಗ ಹೋದ್ರೆ ಸುಮ್ನೆ ನನ್ ಜೊತಿಗೆ ಪೇಟಿಗೆ ಬರೂದು.”

ಹಾಗಾಗಿ ಕಾಲೇಜಿಗೆ ಚಕ್ಕರ್ ಹೊಡೆದು ನಾನು ಆ ದಿನ ಕಾರವಾರದ ಬಸ್ಸು ಹತ್ತಿದ್ದು ಸಂಗೀತದ ಉದ್ಧಾರಕ್ಕಲ್ಲ, ನನ್ನ ಭಾನುವಾರ ಉಳಿಸಿಕೊಳ್ಳಲಿಕ್ಕೆ.

ಜಿಲ್ಲಾಧಿಕಾರಿ ಸಾಹೇಬರ ಕಚೇರಿಯ ಗೇಟಿನೆದುರು ಮರದಡಿ ಜಮಖಾನೆ ಹಾಸುವುದು, ಕೋಕಂ ಪಾನಕ ಹಂಚುವುದು, ಬೋರ್ಡು ಹಿಡಿಯುವುದು, ಇದಿಷ್ಟು ನನಗೆ ವಹಿಸಿದ ಕೆಲಸ. ಜೊತೆಗೆ ಹಾಡುವುದೂ ನನ್ನ ಪಾಲಿಗೆ ಬಂದಿತ್ತು. ಊರಿನ ಗಾಯಕರೆಲ್ಲರಿಗೂ ಆ ವಾರ ಒಟ್ಟಿಗೇ ಗಂಟಲು ಕೆಟ್ಟಿತ್ತು. ಸರಕಾರಿ ಕಾರ್ಯಕ್ರಮ ಕೊಡಿಸುವವರ ಬಾಗಿಲಲ್ಲಿ ಕೂತು ಧಿಕ್ಕಾರ ಕೂಗಲು ಯಾರಿಗೂ ಧೈರ್ಯವಿಲ್ಲ ಎಂದು ನೇರವಾಗಿ ಹೇಳಿದ್ದರೆ ನಾನು ಮೆಚ್ಚುತ್ತಿದ್ದೆ. ಉಳಿದವರು ಬರೀ ಕೇಳುಗರು, ಇಪ್ಪತ್ತು ಮಂದಿ ಇದ್ದಿರಬಹುದು, ಹೆಚ್ಚಿನವರು ಪಿಂಚಣಿದಾರರು. ಅವರಿಗೆ ಘೋಷಣೆ ಕೂಗಲು ಬಾರದು, ಹಾಡಲೂ ಬಾರದು. ಕೇಳುವುದೊಂದು ಬಲು ಚೆನ್ನಾಗಿ ಬರುತ್ತಿತ್ತು.

ಸಾಹೇಬರು ಬೆಳಿಗ್ಗೆಯೇ ಹೊರಗೆ ಬಂದು ಮನವಿ ತೆಗೆದುಕೊಳ್ಳುತ್ತಾರೆ ಎಂಬ ಲೆಕ್ಕದಲ್ಲಿ ಅಕ್ಕೋರು ನನಗೆ ಬೆಳಗಿನ ರಾಗ ಬಿಲಾವಲ್ ತಯಾರು ಮಾಡಿಸಿದ್ದರು. ಹೋಗಿ ನೋಡಿದರೆ ಸಾಹೇಬರು ಹಿಲ್ಲೂರಿನ ಕಡೆ ಯಾವುದೋ ರಸ್ತೆ ನೋಡಲು ಹೋಗಿದ್ದರು. ಖಾಲಿ ಕಚೇರಿಗೆ ಯಾಕೆ ಹಾಡುವುದು, ಅವರು ಬರಲಿ ಎಂದರು ಮಂಡಳಿಯ ಕಾರ್ಯದರ್ಶಿ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಯಾವುದನ್ನೂ ಅವಸರದಲ್ಲಿ ಮಾಡಿದವರಲ್ಲ. ಹೀಗೆ ಬೆಳಗೆಲ್ಲ ಸುಮ್ಮನೆ ಕೂತೆವು. ದಾರಿಯಲ್ಲಿ ಹೋಗುವವರು ಸ್ಕೂಟರ್ ನಿಧಾನ ಮಾಡಿ ನೋಡಿ, ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಗೇಟಿನ ಪೊಲೀಸಪ್ಪ ಹತ್ತಿರ ಬಂದು, ತೀರಿಕೊಂಡವರು ಯಾರು ಎಂದು ನನ್ನನ್ನು ಮೆಲ್ಲಗೆ ವಿಚಾರಿಸಿದ. ಒಳ್ಳೆಯ ಮನುಷ್ಯ, ಪಾನಕ ಕುಡಿದು ಲೋಟ ತಾನೇ ತೊಳೆದಿಟ್ಟ.

ಸೂರ್ಯ ನೆತ್ತಿ ದಾಟುವ ಹೊತ್ತಿಗೆ ಅದೇ ಪೊಲೀಸಪ್ಪ ಬಂದು, ಸಾಹೇಬರ ಗಾಡಿ ಅಂಕೋಲೆ ದಾಟಿದೆಯಂತೆ, ಏನಾದರೂ ಶುರು ಮಾಡಿ ಎಂದ. ನಾನು ತಂಬೂರಿ ತೆಗೆದುಕೊಂಡು ಬಿಲಾವಲ್ ಹಿಡಿದೆ. ನಾಲ್ಕು ಸ್ವರ ಆಗಿರಲಿಲ್ಲ, ಮುಂದೆ ಕೂತ ಹಿರಿಯರೊಬ್ಬರು ಕೈ ಎತ್ತಿದರು. ಬಿಲಾವಲಿನ ಹೊತ್ತು ಮೀರಿತಲ್ಲ ಎಂದರು. ಇನ್ನೊಬ್ಬರು ಹೌದೆಂದರು. ಮತ್ತೊಬ್ಬರು ಸಂಗೀತವೇನು ಬಸ್ಸಿನ ವೇಳಾಪಟ್ಟಿಯೇ ಎಂದರು. ಅಲ್ಲಿಗೆ ಶುರುವಾಯಿತು. ಬೆಳಿಗ್ಗೆಯಿಂದ ತುಟಿ ಬಿಚ್ಚದವರು ಆಗ ಎಂಥ ದನಿ ತೆಗೆದರೆಂದರೆ, ಕಚೇರಿಯ ಗುಮಾಸ್ತರು ಮೊದಲ ಸಲ ಕಿಟಕಿಗೆ ಬಂದು ನೋಡಿದರು. ಸಭಾಗೃಹ ಉಳಿಸಲು ಈ ಅರ್ಧ ಗಲಾಟೆ ಮಾಡಿದ್ದರೂ ಸಾಕಿತ್ತು. ನನಗೆ ಸಿಟ್ಟಿನಲ್ಲಿ ಅಳು ಬಂತು. ಮಧ್ಯಾಹ್ನಕ್ಕೆ ಒಪ್ಪುವ ರಾಗ ನನಗೆ ಒಂದೂ ಬರುತ್ತಿರಲಿಲ್ಲ.

ಆಗ ಯಾರೋ ಭೈರವಿ ಎಂದರು. ಭೈರವಿಯೂ ಬೆಳಗಿನದೇ, ಆದರೆ ಅದಕ್ಕೊಂದು ರಿಯಾಯಿತಿ ಇದೆ. ಬೈಠಕ್ಕಿನ ಕೊನೆಗೆ, ಹೊತ್ತು ಯಾವುದೇ ಆಗಿರಲಿ, ಭೈರವಿ ಹಾಡಿ ಮುಗಿಸುವುದು ರೂಢಿ. ನನಗೆ ಅದರಲ್ಲೊಂದು ಭಜನೆ ಬರುತ್ತಿತ್ತು. ಎಲ್ಲರೂ ಸಮಾಧಾನವಾಗಿ ದಿಂಬಿಗೆ ಒರಗಿದರು. ಅಕ್ಕೋರು ಮಾತ್ರ ಹಾರ್ಮೋನಿಯಂ ತಿದಿಯ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು.

“ಭೈರವಿ ಹಾಡೂಕೆ ಅಡ್ಡಿಲ್ಲ,” ಎಂದರು ತಮ್ಮ ಒಡಕು ದನಿಯಲ್ಲಿ. “ಆದ್ರೆ ಅದಾದ್ಮೇಲೆ ಮತ್ತೆಂತದೂ ಇಲ್ಲ.”

ಅದು ಎಲ್ಲರಿಗೂ ಗೊತ್ತಿದ್ದದ್ದೇ, ಅದಕ್ಕೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಡಿದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಹಾಗೆ ನಾನು ಮೊದಲೆಂದೂ ಹಾಡಿರಲಿಲ್ಲ. ಸಿಟ್ಟು, ಹೆದರಿಕೆ, ಮಹಡಿಯ ಕೋಣೆಯ ಆಸೆ, ಎಲ್ಲ ಸೇರಿ ಗಂಟಲು ತಾನಾಗಿ ತೆರೆದುಕೊಂಡಿತು. ರಸ್ತೆಯ ಸದ್ದು ನನಗೆ ಕೇಳಿಸಲಿಲ್ಲ. ಪೊಲೀಸಪ್ಪ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಒಬ್ಬ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇನ್ನು ಸಾಹೇಬರು ಬರಲಿ, ಏನು ಬೇಕಾದರೂ ಕೇಳುತ್ತೇನೆ ಎನ್ನಿಸಿತು ನನಗೆ.

ಹಾಡು ನಿಂತಿತು. ಎಂದಿನಂತೆ ಸ್ವಲ್ಪ ಹೊತ್ತು ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ಎಂದಿನಂತೆ ಒಬ್ಬೊಬ್ಬರಾಗಿ ನೆಲಕ್ಕೆ ಕೈ ಊರಿ ಎದ್ದರು. ಚಪ್ಪಲಿ ಹುಡುಕಿದರು. ಕಾರ್ಯದರ್ಶಿಗಳು ಎದ್ದು ನಿಂತು, ಬಿಡುವು ಮಾಡಿಕೊಂಡು ಬಂದದ್ದಕ್ಕೆ ಎಲ್ಲರಿಗೂ ವಂದನೆ ಅರ್ಪಿಸಿದರು. ಇಬ್ಬರು ಜಮಖಾನೆಯ ಎರಡು ತುದಿ ಹಿಡಿದು ಮಡಚಿದರು, ಮತ್ತಿಬ್ಬರು ದಿಂಬುಗಳನ್ನು ಆಟೋಗೆ ತುಂಬಿದರು. ಧರಣಿ ಮುಗಿಯಿತೆಂದು ಯಾರೂ ಹೇಳಲಿಲ್ಲ. ಮುಗಿದಿಲ್ಲವೆಂದೂ ಯಾರಿಗೂ ಹೊಳೆಯಲಿಲ್ಲ. ನನ್ನ ಬೆನ್ನು ತಟ್ಟಿ, ಷಹಬ್ಬಾಸ್ ಎಂದು ಊಟಕ್ಕೆ ಹೋದರು. ಮನವಿಯಿದ್ದ ಚೀಲ ಹೆಗಲಿಗೇರಿಸಿಕೊಂಡು ಕಾರ್ಯದರ್ಶಿಗಳೂ ಹೋದರು. ನಾನೋ, ಹೊಗಳಿಕೆಯ ಗುಂಗಿನಲ್ಲಿ ತಂಬೂರಿಗೆ ಗವಸು ಹಾಕುತ್ತಿದ್ದೆ.

ಅಕ್ಕೋರೂ ನಾನೂ ಇನ್ನೊಂದು ಆಟೋಗೆ ಕಾಯುತ್ತಿದ್ದಾಗ ಸಾಹೇಬರ ಗಾಡಿ ಬಂತು. ಗಾಜು ಇಳಿಸಿ, ಸಂಗೀತದವರು ಎಲ್ಲಿ ಎಂದು ಪೊಲೀಸಪ್ಪನನ್ನು ಕೇಳಿದರು. ಮುಗಿಯಿತಂತೆ, ಎದ್ದು ಹೋದರು ಎಂದ ಅವನು. ನಾನು ಓಡಿ ಹೋಗಿ ಕಿಟಕಿಯ ಹತ್ತಿರ ನಿಂತೆ. ಮುಗಿದಿಲ್ಲ ಸರ್, ಸಭಾಗೃಹ ಕೆಡವಬೇಡಿ ಎಂದೆ. ಅವರು ಗದರಲಿಲ್ಲ. ನಿಮ್ಮವರು ಯಾರಾದರೂ ದೊಡ್ಡವರಿದ್ದರೆ ಕರೆಯಮ್ಮ, ಮಾತಾಡೋಣ ಎಂದರು. ನಾನು ತಿರುಗಿ ನೋಡಿದೆ. ಮರದಡಿ ತಂಬೂರಿ ಅಪ್ಪಿಕೊಂಡು ಅಕ್ಕೋರು ನಿಂತಿದ್ದರು. ಅವರ ದನಿ ಇಲ್ಲಿಯವರೆಗೆ ಬರುವಂತಿರಲಿಲ್ಲ, ಅವರು ಬರಲೂ ಇಲ್ಲ. ಸ್ವಲ್ಪ ಕಾದು ಗಾಡಿ ಒಳಗೆ ಹೋಯಿತು.

ಅಕ್ಕೋರ ಮೇಲೆ ರೇಗಿದೆ. ಎಲ್ಲರನ್ನೂ ಬೈದೆ. ಅವರು ನನ್ನ ಜಡೆಯ ಮೇಲೆ ಕೈಯಿಟ್ಟರು.

“ಕೇಳೂಕೆ ಬಂದವ್ರು, ಕೇಳಿ ಹೋದ್ರು. ಅವ್ರಿಗೆ ಬ್ಯಾರೆ ಎಂತಾ ಗೊತ್ತದೆ ತಂಗಿ?”

ಮರುದಿನ ಕಾರ್ಯದರ್ಶಿಗಳು ಹೋಗಿ ಮನವಿ ಕೊಟ್ಟು ಬಂದರಂತೆ. ಪರಿಶೀಲಿಸುತ್ತೇವೆ ಎಂದರಂತೆ. ಮಳೆಗಾಲಕ್ಕೆ ಮೊದಲೇ ಸಭಾಗೃಹಕ್ಕೆ ಬೀಗ ಬಿತ್ತು, ಮಳೆ ಮುಗಿದ ಮೇಲೆ ಕಟ್ಟಡವೂ ಬಿತ್ತು. ಅಕ್ಕೋರ ಬಾಡಿಗೆ ಮನೆಯಲ್ಲಿ ಹಾಡಲು ಮಾಲೀಕರ ಒಪ್ಪಿಗೆಯಿರಲಿಲ್ಲ. ಮಂಡಳಿಯವರು ಈಗಲೂ ಸಿಕ್ಕರೆ ಆ ದಿನದ ಭೈರವಿಯನ್ನು ನೆನೆಸುತ್ತಾರೆ. ಎಂಥಾ ಭೈರವಿ ಎನ್ನುತ್ತಾರೆ, ಕಣ್ಣರಳಿಸಿ. ಸಭಾಗೃಹದ ಮಾತು ಎತ್ತುವುದಿಲ್ಲ.

ಬೀಗ ಬಿದ್ದ ವಾರದ ಭಾನುವಾರವೇ ಆಯಿ ನನ್ನನ್ನು ನಸುಕಿಗೆ ಎಬ್ಬಿಸಿದಳು. ನಾನು ಎದ್ದು ಬುಟ್ಟಿ ಎತ್ತಿದೆ. ಪೇಟೆಯಲ್ಲಿ ಬಂಗಡೆಯ ಬುಟ್ಟಿಯ ಹಿಂದೆ ಕೂರಿಸಿ, ಗಿರಾಕಿಗಳನ್ನು ಕೂಗಿ ಕರೆಯಲು ಹೇಳಿದಳು. ಮೊದಲು ನಾಚಿಕೆಯಾಯಿತು. ಆಮೇಲೆ ಉಸಿರು ತುಂಬಿಕೊಂಡು, ಹೊಟ್ಟೆಯಿಂದ ದನಿ ತೆಗೆದು ಕೂಗಿದೆ. ನನಗೆ ಕೂಗಲು ಬೇರೆ ರೀತಿ ಗೊತ್ತಿರಲಿಲ್ಲ. ಆಚೆ ಸಾಲಿನಲ್ಲಿ ತಾರ್ಲೆ ಮಾರುತ್ತಿದ್ದ ಹೆಂಗಸು ತಿರುಗಿ ನೋಡಿ ಆಯಿಗೆ ಹೇಳಿದಳು.

“ಒಳ್ಳೆ ಗಂಟ್ಲು ಅದೆ ನಿನ್ ಮಗ್ಳಿಗೆ. ಬಸ್ ಸ್ಟ್ಯಾಂಡಿಗೂ ಕೇಳ್ತದೆ.”

ಆಯಿಯ ಮುಖ ಅರಳಿತು. ನನ್ನ ಹಾಡು ಕೇಳಿ ಅವಳು ಯಾವತ್ತೂ ಅಷ್ಟು ಹೆಮ್ಮೆಪಟ್ಟಿರಲಿಲ್ಲ. ಇನ್ನೊಂದು ಸಲ ಕೂಗು ಎಂದಳು. ನಾನು ಕೂಗಿದೆ.