ಕಾಲು ಮುರಿದ ದಿನಗಳ ಆಟಗಳು

ನಾನು ಮೊದಲು ಆಡಿದ ಮೊಬೈಲ್ ಆಟ ಹಾವಿನದು. ಹಿರೇಹಡಗಲಿಯ ತವರುಮನೆಯಲ್ಲಿ ಅಣ್ಣನ ಹತ್ತಿರ ಗುಂಡಿ ಒತ್ತುವ ಫೋನಿತ್ತು. ಕಾಳು ತಿಂದಷ್ಟೂ ಹಾವು ಉದ್ದವಾಗುತ್ತಿತ್ತು, ಕೊನೆಗೆ ತನ್ನ ಮೈಗೇ ತಾನು ಬಡಿದು ಸಾಯುತ್ತಿತ್ತು. ಅಷ್ಟು ಚೊಕ್ಕ ಆಟ ಆಮೇಲೆ ನನಗೆ ಸಿಗಲಿಲ್ಲ. ಸೋತರೆ ತಪ್ಪು ನನ್ನದೇ, ಯಾರನ್ನೂ ದೂರುವಂತಿರಲಿಲ್ಲ.

ಮದುವೆಯಾಗಿ ಕೊಟ್ಟೂರಿಗೆ ಬಂದು ಹೊಲಿಗೆ ಅಂಗಡಿ ಇಟ್ಟ ಮೇಲೆ ಆಟಕ್ಕೆ ಪುರುಸೊತ್ತಾಗಲಿಲ್ಲ. ಹೋದ ವರ್ಷ ಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಬಲಗಾಲು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಗಂಡ ಲಾರಿ ಓಡಿಸುವವರು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹೊಸಹಳ್ಳಿಯಿಂದ ಅತ್ತೆ ಬಂದರು. ಅಲ್ಲಿ ನನ್ನ ಮೈದುನನ ಜೊತೆ ಕುರಿ ಸಾಕಿಕೊಂಡಿದ್ದವರು. ನನಗೂ ಅವರಿಗೂ ಜಗಳವಿರಲಿಲ್ಲ, ಆದರೆ ಮಾತೂ ಇರಲಿಲ್ಲ. ರೊಟ್ಟಿ ಬಡಿದು ತಾಟು ಕೈಗಿತ್ತು ಬಾಗಿಲ ಬಳಿ ಕೂರುತ್ತಿದ್ದರು. ನಾನು ಫೋನ್ ಹಿಡಿಯುತ್ತಿದ್ದೆ.

ಮೊದಲ ವಾರ ಬಂದೂಕಿನ ಆಟ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಎಷ್ಟು ಸಲ ಇಳಿದೆನೋ ಅಷ್ಟೂ ಸಲ, ಹೊಡೆದವರು ಯಾರೆಂದು ತಿಳಿಯುವ ಮೊದಲೇ ಸತ್ತೆ. ಅದನ್ನು ತೆಗೆದುಹಾಕಿದೆ. ಆಮೇಲೆ ಒಂದೇ ಬಣ್ಣದ ಮೂರು ಮೂರು ಮಿಠಾಯಿ ಜೋಡಿಸುವುದು. ಅದು ಜಾಣ ಆಟ. ಮೊದಲು ಗೆಲ್ಲಿಸಿ ರುಚಿ ಹತ್ತಿಸುತ್ತದೆ, ಆಮೇಲೆ ಬೇಕೆಂದೇ ಸೋಲಿಸಿ, ಮತ್ತೆ ಆಡಲು ಕಾಯಿಸುತ್ತದೆ. ನನಗೆ ಅದರ ಮೇಲೆ ಸಿಟ್ಟಿದ್ದರೂ ನಾಲ್ಕು ದಿನ ಬಿಡಲಾಗಲಿಲ್ಲ.

ಒಕ್ಕಲುತನದ ಆಟಕ್ಕೆ ಬಂದಾಗ ಅತ್ತೆ ಜೋಳ ಹಸನು ಮಾಡುತ್ತ ಪಕ್ಕಕ್ಕೆ ಕೂತಿದ್ದರು. ನಾನು ಬಿತ್ತಿದ ಮೆಕ್ಕೆಜೋಳ ನಾಲ್ಕೇ ನಿಮಿಷಕ್ಕೆ ತೆನೆ ಬಿಟ್ಟಿತು. ಮಳೆಯಾಯಿತೇ ಎಂದು ಕೇಳಿದರು. ಇದಕ್ಕೆ ಮಳೆ ಬೇಕಿಲ್ಲ ಎಂದೆ. ಮೊರದಲ್ಲಿ ಜೋಳ ಕೇರುತ್ತಲೇ ಮತ್ತೆ ಕೇಳಿದರು.

"ಹಂಗಾರ ಬಿತ್ತಿದಾಕಿಗೆ ಏನು ಕೆಲಸ?"

ಆ ಆಟದ ರುಚಿ ಅಲ್ಲಿಗೇ ಹೋಯಿತು.

ಮೂರನೇ ವಾರ ಕುರಿಗಳ ಆಟವೊಂದು ಸಿಕ್ಕಿತು. ಚದುರಿದ ಕುರಿಗಳನ್ನು ನಾಯಿಯಿಂದ ಓಡಿಸಿ ಬೇಲಿ ಕಟ್ಟಿದ ರೊಪ್ಪಕ್ಕೆ ಸೇರಿಸಬೇಕು. ಏಳನೇ ಹಂತದಲ್ಲಿ ಎರಡು ದಿನ ಸಿಕ್ಕಿಬಿದ್ದೆ. ನಾಯಿ ಹತ್ತಿರ ಹೋದಂತೆಲ್ಲ ಕುರಿಗಳು ದಿಕ್ಕಾಪಾಲಾಗುತ್ತಿದ್ದವು. ಅತ್ತೆ ಹಿಂದೆ ನಿಂತು ನೋಡುತ್ತಿದ್ದುದು ನನಗೆ ಗೊತ್ತಿರಲಿಲ್ಲ.

"ಮೈಮ್ಯಾಲೆ ಹೋಗಬ್ಯಾಡ. ನಾಯಿನ್ನ ದೂರ ನಿಂದ್ರಸು. ಮುಂದಿಂದು ಒಂದು ತಿರುಗಲಿ, ಉಳಿದವು ತಾವ ಬರ್ತಾವು."

ಹಾಗೇ ಮಾಡಿದೆ. ಒಂದು ತಿರುಗಿತು, ಅದರ ಹಿಂದೆ ಎಲ್ಲವೂ ಬಾಗಿಲು ಹೊಕ್ಕವು. ಅತ್ತೆ ಮಂಚದ ತುದಿಗೆ ಕೂತರು. ಅವತ್ತು ಸಂಜೆಯೊಳಗೆ ಹನ್ನೊಂದನೇ ಹಂತ ದಾಟಿದೆವು.

ಮರುದಿನ ಅವರೇ ಒಂದು ಸಂಗತಿ ಹೇಳಿದರು. ಮದುವೆಯಾದ ವರ್ಷ ಕುರಿ ಹೊಡೆದುಕೊಂಡು ಹಡಗಲಿ ಕಡೆ ಹೊಳೆದಂಡೆಗೆ ಹೋಗಿದ್ದರಂತೆ. ಗುಡುಗಿಗೆ ಹಿಂಡು ಬೆದರಿತು. ಇವರು ಗಾಬರಿಯಿಂದ ಓಡಿ ಓಡಿ ಇನ್ನಷ್ಟು ಚದುರಿಸಿದರು. ಜೊತೆಗಿದ್ದ ಇವರ ಅತ್ತೆ ಬೈಯಲಿಲ್ಲ. ಕೈ ಹಿಡಿದು ಬಂಡೆಯ ಮೇಲೆ ಕೂರಿಸಿಕೊಂಡು, ಕಂಬಳಿ ಹೊದಿಸಿ, ಕುರಿ ಕರೆಯುವ ಕೂಗು ಹಾಕುತ್ತಿದ್ದರಂತೆ. ಮಳೆ ನಿಲ್ಲುವ ಹೊತ್ತಿಗೆ ಕುರಿಗಳು ಒಂದೊಂದಾಗಿ ಬಂದವು. ಮೂರು ಮಾತ್ರ ಸಿಗಲಿಲ್ಲ.

ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಆಗ ಕೇಳಿಬಿಟ್ಟೆ. ನಾನು ಹಳ್ಳಿಯಲ್ಲಿರದೆ ಇಲ್ಲಿ ಅಂಗಡಿ ಇಟ್ಟದ್ದು ನಿಮಗೆ ಬೇಸರವೇ ಎಂದೆ. ಅವರು ಆಶ್ಚರ್ಯದಿಂದ ನನ್ನ ಮುಖ ನೋಡಿದರು.

"ಬ್ಯಾಸರ ಯಾಕವ್ವ? ನೀನು ಓದಿದಾಕಿ. ನಿನ್ನ ಕೂಡ ಏನು ಮಾತಾಡಬೇಕು ಅಂತ ತಿಳೀತಿದ್ದಿಲ್ಲ."

ಮದುವೆಯಾದ ಮೇಲಿನ ಒಂಬತ್ತು ವರ್ಷವೂ ಅವರು ಮಾತಾಡದ್ದನ್ನು ನಾನು ಬಿಗುಮಾನ ಎಂದುಕೊಂಡಿದ್ದೆ. ನನ್ನ ಮೌನವನ್ನು ಅವರೂ ಹಾಗೇ ತಿಳಿದಿರಬೇಕು. ನಾಚಿಕೆಯಾಯಿತು, ಅದರ ಬೆನ್ನಿಗೇ ಎದೆ ಹಗುರವೂ ಆಯಿತು.

ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ಅತ್ತೆ ಊರಿಗೆ ಹೋದರು. ಉಳಿದ ಹಂತಗಳನ್ನು ಒಬ್ಬಳೇ ಆಡಿ ನೋಡಿದೆ. ಮುಂದೆ ಮುಂದೆ ತೋಳ, ಬಾಂಬು, ಹಾರುವ ಕುರಿ ಎಂದು ಏನೇನೋ ತುರುಕಿ ಆಟವನ್ನು ಕೆಡಿಸಿದ್ದಾರೆ. ಆದರೂ ಮೊದಲ ಇಪ್ಪತ್ತು ಹಂತಗಳಷ್ಟು ಒಳ್ಳೆಯ ಆಟ ಕಡಿಮೆ. ಅತ್ತೆಗೆ ಮಾತ್ರ ಅದರಲ್ಲಿ ಒಂದು ಕೊರತೆ ಕಂಡಿತ್ತು. ಎಲ್ಲವೂ ಒಂದೇ ಮುಖದ ಕುರಿಗಳು, ಯಾವುದು ಯಾರ ಮರಿ ಎಂದು ತಿಳಿಯುವುದಿಲ್ಲ.

ಹೋದ ತಿಂಗಳು ಹೊಸಹಳ್ಳಿಗೆ ಹೋಗಿದ್ದೆ. ಬೆಳಿಗ್ಗೆ ಹುಟ್ಟಿದ ಮರಿಯೊಂದನ್ನು ಅತ್ತೆ ನನ್ನ ಮಡಿಲಿಗೆ ಹಾಕಿ, ಹಿಡಿದುಕೊಂಡಿರಲು ಹೇಳಿ ನೀರು ತರಲು ಹೋದರು. ಅದು ಬೆಚ್ಚಗಿತ್ತು. ನಾನು ಎಣಿಸಿದ್ದಕ್ಕಿಂತ ಭಾರವಿತ್ತು.