ನೇರಳೆ ಕಲ್ಲು ಮತ್ತು ನನ್ನ ಅಕ್ಕನ ಜ್ಞಾಪಕ

ನನ್ನ ಅಕ್ಕ ವೆಂಕಟಮ್ಮನಿಗೆ ಅರಳು ಮರಳು ಆಗಿರಲಿಲ್ಲ. ಅವಳು ಹೇಳಿದ್ದು ನಿಜ, ಸುಳ್ಳು ಹೇಳಿದವಳು ನಾನು. ಅದೂ ಯಾವ ಘನ ಕಾರಣಕ್ಕೂ ಅಲ್ಲ — ಅವರೆಕಾಳಿನಷ್ಟು ದೊಡ್ಡ ಒಂದು ನೇರಳೆ ಬಣ್ಣದ ಕಲ್ಲಿಗಾಗಿ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಇದರ ಬಾಲ.

ಬಾಲ ಉದ್ದವಾಗಿಬಿಟ್ಟಿತು, ಅದಕ್ಕೇ ಬರೆಯಲು ಕೂತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎಲ್ಲಾದರೂ ಒತ್ತು ತಪ್ಪಿದ್ದರೆ ನೀವೇ ಸರಿಮಾಡಿ ಓದಿಕೊಳ್ಳಿ. ವಿಷಯ ಮಾತ್ರ ತಪ್ಪಿಲ್ಲ.

ನನ್ನ ತವರು ಶ್ರೀನಿವಾಸಪುರದ ಹತ್ತಿರ, ಮಾವಿನ ತೋಟದ ಮನೆ. ಕೊಟ್ಟದ್ದು ಮಾಲೂರಿನ ಕಡೆ ಲಕ್ಕೂರಿಗೆ. ಮಗ ಮಂಜ ಇಲ್ಲೇ ಹತ್ತಿರದ ಫ್ಯಾಕ್ಟರಿಗೆ ಹೋಗುತ್ತಾನೆ. ಅವನು ಮಾಲೂರಿನ ನರ್ಸು ಸುನೀತಳನ್ನೇ ಮದುವೆಯಾಗುತ್ತೇನೆ ಅಂದಾಗ, ಅವರು ಕ್ರೈಸ್ತರು ಅಂತ ನಾನು ಊಟ ಬಿಟ್ಟೆ. ಮೂರನೇ ದಿನ ಹಸಿವು ತಡೆಯಲಿಲ್ಲ, ಒಪ್ಪಿದೆ. ಒಪ್ಪಿ ಕೆಟ್ಟದ್ದೇನೂ ಆಗಲಿಲ್ಲ. ಸೊಸೆ ಒಳ್ಳೆಯವಳು, ಸೊಪ್ಪಿನ ಸಾರು ಮಾತ್ರ ನೀರು ಮಾಡುತ್ತಾಳೆ. ಅವಳ ತಾಯಿ ಶಾಂತಮ್ಮ ನನಗಿಂತ ಒಳ್ಳೆಯವರು — ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಶಾಂತಮ್ಮನ ಯಜಮಾನರು ತೀರಿಹೋಗಿದ್ದರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ಲಿನ ಕಥೆ ಹೇಳುತ್ತಿದ್ದವರು. ಬರೀ ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲ ಅಂತ, ಶಿವಾರಪಟ್ಟಣಕ್ಕೆ ಹೋಗಿ, ನಮ್ಮ ದೇವರ ವಿಗ್ರಹ ಕೆತ್ತುವವರ ಕೈಯಲ್ಲೇ ಅಂಗೈಯಗಲದ ಒಂದು ಕರಿಕಲ್ಲಿನ ಹಲಗೆ ಮಾಡಿಸಿದ್ದರಂತೆ. ಸಾಲಿಗೆ ಮೂರು ಗುಳಿ, ಅಂಥ ನಾಲ್ಕು ಸಾಲು. ಗುಳಿಗೊಂದು ಬಣ್ಣದ ಕಲ್ಲು. ಭಾರಿ ಬೆಲೆಯವಲ್ಲ, ಆದರೆ ಒಂದೊಂದನ್ನೂ ಹುಡುಕಿ ಹುಡುಕಿ ತಂದವು.

ನನ್ನ ಮೊಮ್ಮಗಳು ಅನುಗ್ರಹ — ನಾವು ಅನು ಅನ್ನುತ್ತೇವೆ — ಹುಟ್ಟಿದ್ದು ಫೆಬ್ರವರಿಯಲ್ಲಿ. ಅವಳಿಗೆ ವರ್ಷ ತುಂಬಿದ ದಿನ ಎಲ್ಲರೂ ಶಾಂತಮ್ಮನ ಮನೆಯಲ್ಲಿ ಸೇರಿದ್ದೆವು. ಊಟವಾದ ಮೇಲೆ ಆಕೆ ಆ ಹಲಗೆ ತಂದು ಮೇಜಿನ ಮೇಲಿಟ್ಟರು.

“ಹಳೇ ಕಾಲದಲ್ಲಿ ಮಹಾಯಾಜಕ ಅಂತ ಇರ್ತಿದ್ದ ಬೀಗರೇ, ನಿಮ್ಮಲ್ಲಿ ದೊಡ್ಡ ಪೂಜಾರಿ ಇದ್ದ ಹಂಗೆ. ಅವನು ದೇವರ ಮುಂದೆ ಹೋಗುವಾಗ ಎದೆ ಮೇಲೆ ಹಿಂಗೇ ಹನ್ನೆರಡು ಕಲ್ಲು. ಒಬ್ಬ ತಂದೆಗೆ ಹನ್ನೆರಡು ಗಂಡುಮಕ್ಕಳು, ಅವರಿಂದ ಹನ್ನೆರಡು ಕುಲ. ಕಲ್ಲಿಗೊಬ್ಬರ ಹೆಸರು ಕೆತ್ತಿತ್ತು.”

ಬೈಬಲ್ಲಿನ ಕೊನೆಯಲ್ಲಿ ಒಂದು ಪಟ್ಟಣ ಬರುತ್ತದಂತೆ, ಅದರ ಗೋಡೆಯ ಅಸ್ತಿವಾರಕ್ಕೂ ಇಂಥವೇ ಹನ್ನೆರಡು ರತ್ನ. ನಮ್ಮಲ್ಲಿ ಗ್ರಹಕ್ಕೊಂದರಂತೆ ಒಂಬತ್ತು, ಇವರಲ್ಲಿ ಹನ್ನೆರಡು, ಆಗಲಿ ಅಂದುಕೊಂಡೆ. ಹಾಗಾದರೆ ಈ ಹುಟ್ಟಿದ ತಿಂಗಳ ಕಲ್ಲು ಅನ್ನುವುದು ಎಲ್ಲಿಂದ ಬಂತು ಅಂತ ಮಂಜ ಕೇಳಿದ. ಶಾಂತಮ್ಮ ಮುಚ್ಚಿಡಲಿಲ್ಲ.

“ಅದು ಬೈಬಲ್ಲಿನಲ್ಲಿಲ್ಲಪ್ಪ. ಹನ್ನೆರಡು ಕಲ್ಲು, ಹನ್ನೆರಡು ತಿಂಗಳು — ಜನ ಆಮೇಲೆ ಜೋಡಿಸ್ಕೊಂಡ್ರು. ಆವಾಗಿನ ಯಾವ ಹೆಸರು ಈವಾಗಿನ ಯಾವ ಕಲ್ಲು ಅನ್ನೋದೇ ಓದಿದೋರಿಗೂ ಖಾತ್ರಿಯಿಲ್ಲ. ಆದ್ರೂ ನಮ್ಮೆಜಮಾನ್ರಿಗೆ ಒಂದಾಸೆ. ಮನೇಲಿ ಒಬ್ಬೊಬ್ಬರಿಗೆ ಅವರವರ ತಿಂಗಳ ಕಲ್ಲು ಸೇರಬೇಕು ಅಂತ.”

ಫೆಬ್ರವರಿಯ ಕಲ್ಲು ನೇರಳೆ. ನೇರಳೆ ಹಣ್ಣು ತಿಂದ ನಾಲಿಗೆ ಇರುತ್ತದಲ್ಲ, ಆ ಬಣ್ಣ. ಕಿಟಕಿಯ ಬಿಸಿಲು ಬಿದ್ದು ಒಳಗೆ ದೀಪ ಹಚ್ಚಿದ ಹಾಗಿತ್ತು. ಅದು ಮಗುವಿನ ಪಾಲಿನದು ಅಂತ ಬೆಳಿಗ್ಗೆಯೇ ಸುನೀತ ನನಗೆ ಹೇಳಿದ್ದಳು. ಗೊತ್ತಿರಲಿಲ್ಲ ಅನ್ನುವಂತಿಲ್ಲ.

“ಮೊದಲು ದೊಡ್ಡೋರು. ಬೀಗರೇ, ನೀವು ಹುಟ್ಟಿದ್ದು ಯಾವ ತಿಂಗಳು?”

ಆಧಾರ್ ಕಾರ್ಡಿನಲ್ಲಿ ನನಗೆ ಜನವರಿ ಒಂದು. ನನ್ನ ವಯಸ್ಸಿನವರಲ್ಲಿ ಅರ್ಧ ಊರು ಜನವರಿ ಒಂದಕ್ಕೇ ಹುಟ್ಟಿದೆ, ಅದನ್ನು ಯಾರೂ ನಂಬುವುದಿಲ್ಲ. ನಿಜವಾಗಿ ನಾನು ಹುಟ್ಟಿದ್ದು ಬಾದಾಮಿ ಮಾವಿನ ಕಾಯಿ ಇಳಿಸುವಾಗ, ಅಂದರೆ ಮೇ ತಿಂಗಳು. ಮೇ ತಿಂಗಳ ಕಲ್ಲು ಅಲ್ಲೇ ಇತ್ತು — ಹಸಿರು, ಸೋಡಾ ಬಾಟಲಿಯ ಚೂರಿನ ಹಾಗೆ. ನೋಡಿದೆ. ಆಮೇಲೆ ಅದರ ಪಕ್ಕಕ್ಕೆ ನೋಡಿದೆ.

“ಫೆಬ್ರವರಿ,” ಅಂದೆ. “ಶಿವರಾತ್ರಿ ಎದುರಿಗೆ.”

ಶಾಂತಮ್ಮನ ಕೈ ಹಲಗೆಯ ಮೇಲೆ ಒಂದು ಗಳಿಗೆ ನಿಂತಿತು. ಮಗುವಿನ ಕಡೆ ನೋಡಿದರು. “ಹಂಗಾದ್ರೆ ಇದು ನಿಮ್ಮದೇ,” ಅಂತ ಎತ್ತಿ ನನ್ನ ಅಂಗೈಗೆ ಹಾಕಿದರು. ಮಗುವಿಗೆ ಏನೂ ಸಿಗಲಿಲ್ಲ. ಅದು ಹಲಗೆಯ ಖಾಲಿ ಗುಳಿಗೆ ಬೆರಳಿಟ್ಟು ಆಡಿತು. ನಾನು ಕೋಲಾರಕ್ಕೆ ಹೋಗಿ ಆ ಕಲ್ಲಿಗೆ ಬೆಳ್ಳಿ ಉಂಗುರ ಕಟ್ಟಿಸಿಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ಆಸೆಬುರುಕಿ ಅನ್ನಿಸಿಕೊಂಡು ಸಾಯಬಹುದಿತ್ತು. ನಿಲ್ಲಲಿಲ್ಲ. ಅನು ಮಾತು ಕಲಿತಳು, ತಿಂಗಳು ಕಲಿತಳು. “ಅಜ್ಜಿ, ನಾವಿಬ್ರೂ ಒಂದೇ ಕಲ್ಲು, ನಾವಿಬ್ರೂ ಜೋಡಿ!” ಅಂತ ಶುರುವಾಯಿತು. ಪ್ರತಿ ಫೆಬ್ರವರಿಯಲ್ಲೂ ಒಂದೇ ಕೇಕಿನ ಮೇಲೆ ಎರಡು ಹೆಸರು. ಅಲ್ಲಿಯವರೆಗೆ ನಾನು ಹುಟ್ಟಿದೆ ಅಂತ ಯಾರೂ ಹಬ್ಬ ಮಾಡಿದವರಲ್ಲ. ಟೋಪಿ ಹಾಕುತ್ತಿದ್ದಳು ನನಗೆ, ರಟ್ಟಿನದು. ಇಷ್ಟವಾಯಿತು ಅಂತಲೇ ಹೇಳಬೇಕು, ಇಲ್ಲದಿದ್ದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಮಗುವಿನ ಪಾಲಿನದನ್ನು ಕಿತ್ತುಕೊಂಡು, ಅದೇ ಮಗುವಿನ ಕೈಯಲ್ಲಿ ಕೇಕು ತಿನ್ನಿಸಿಕೊಂಡು — ಚೆನ್ನಾಗಿಯೇ ಇದ್ದೆ.

ಕಳೆದ ವರ್ಷದ ಫೆಬ್ರವರಿಯಲ್ಲಿ ಅಕ್ಕ ಬಂದಿದ್ದಳು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ತವರಿನ ಪಕ್ಕದ ಊರಿಗೇ ಕೊಟ್ಟದ್ದು, ಅಲ್ಲೂ ಮಾವಿನ ತೋಟವೇ. ನಮ್ಮ ವಂಶದಲ್ಲಿ ಯಾರು ಯಾವಾಗ ಹುಟ್ಟಿದರು, ಯಾವಾಗ ಹೋದರು ಅನ್ನುವುದೆಲ್ಲ ಅವಳ ತಲೆಯಲ್ಲಿತ್ತು. ಎಲ್ಲ ಮಾವಿನ ಲೆಕ್ಕ — ಹೂ ಬಿಟ್ಟಾಗ, ಮಿಡಿ ಕಟ್ಟಿದಾಗ, ಕಾಯಿ ಇಳಿಸಿದಾಗ. ಮದುವೆ ಮಾತು ಬಂದರೆ, ತಿಥಿ ಬಂದರೆ, ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಬೇರೆ ಏನೂ ಇರಲಿಲ್ಲ ಅವಳಿಗೆ ಹೆಚ್ಚುಗಾರಿಕೆ ಅಂತ. ಅದೊಂದೇ.

ಅನು ಕೇಕಿನ ಮೇಲಿನ ಎರಡು ಹೆಸರನ್ನೂ ಜೋರಾಗಿ ಓದಿದಳು. ಅಕ್ಕ ನಕ್ಕುಬಿಟ್ಟಳು.

“ಇದೇನೇ ಲಚ್ಚಿ? ನೀನು ಹುಟ್ಟಿದ್ದು ಕಾಯಿ ಇಳಿಸುವಾಗ ಅಲ್ವೇನೇ? ಬಾದಾಮಿ ಬುಟ್ಟೀಲಿ ಹುಲ್ಲು ಹಾಸಿ ನಿನ್ನ ಮಲಗಿಸಿದ್ರು. ನೇನೇ ಎತ್ತುಕುನ್ನಾನು ಗದಾ, ನಾನೇ ಎತ್ಕೊಂಡಿದ್ದು! ಈಗ ನೋಡಿದ್ರೆ ಮರ ಇನ್ನೂ ಹೂವಲ್ಲೇ ಐತೆ!”

ಎಲ್ಲರ ಮುಖ ನನ್ನ ಕಡೆ ತಿರುಗಿತು. ಶಾಂತಮ್ಮ ತಟ್ಟೆ ಹಿಡಿದು ನಿಂತಿದ್ದರು. ಅನು ನನ್ನ ಉಂಗುರ ನೋಡಿದಳು, ಆಮೇಲೆ ನನ್ನನ್ನು. ಒಂದು ಮಾತು ಸಾಕಿತ್ತು ಆಗ — ಹೌದು ಅನ್ನುವ ಒಂದೇ ಮಾತು...

“ಅಕ್ಕನಿಗೆ ಅರಳು ಮರಳು ಕಣಮ್ಮಾ,” ಅಂದೆ. “ಅವಳ ಮಾತು ಹಿಡ್ಕೋಬೇಡಿ. ಮೊನ್ನೆ ನನ್ನನ್ನೇ ಅವಳ ನಾದಿನಿ ಅಂತ ಕರೆದ್ಲು.”

ಕರೆದಿರಲಿಲ್ಲ. ಅದು ಆಗ ಬಾಯಿಗೆ ಬಂದದ್ದು.

ಯಾರೂ ಅಕ್ಕನನ್ನು ಗೇಲಿ ಮಾಡಲಿಲ್ಲ. ಮಾಡಿದ್ದರೆ ಅವಳೂ ಬಾಯಿಗೆ ಬಂದ ಹಾಗೆ ಬೈದು ಗೆಲ್ಲುತ್ತಿದ್ದಳು. ಸುನೀತ ಕುರ್ಚಿ ತಂದು ಕೂರಿಸಿ, ನರ್ಸಿನ ಮೆತ್ತನೆಯ ದನಿಯಲ್ಲಿ, “ದೊಡ್ಡಮ್ಮ, ಈಚೆಗೆ ಮರೆವು ಜಾಸ್ತಿನಾ?” ಅಂತ ಕೇಳಿದಳು. ಆ ಮೆತ್ತನೆಯ ದನಿಯೇ ಅಕ್ಕನನ್ನು ನಂಬಿಸಿತು. ಅವಳ ಮಗನಿಗೂ ಫೋನ್ ಹೋಯಿತು, ಸ್ವಲ್ಪ ನೋಡಿಕೊಳ್ಳಿ ಅಂತ. ನೋಡಿಕೊಂಡರು. ಗ್ಯಾಸ್ ಹಚ್ಚಬೇಡ ಅಂದರು. ತೋಟಕ್ಕೆ ಒಬ್ಬಳೇ ಹೋಗಬೇಡ ಅಂದರು. ಬೀಗದಕೈ ಅವಳ ಸೊಂಟದಿಂದ ಸೊಸೆಯ ಸೊಂಟಕ್ಕೆ ಹೋಯಿತು. ಎಲ್ಲ ಪ್ರೀತಿಯಿಂದಲೇ. ಒಂದೊಂದೂ ನನ್ನ ಕಿವಿಗೆ ಬೀಳುತ್ತಿತ್ತು, ನಾನು ಹೂಂ ಅನ್ನುತ್ತಿದ್ದೆ.

ಈ ಬೇಸಿಗೆಯ ಒಂದು ಭಾನುವಾರ ಅಕ್ಕನ ಮಗ ಅವಳನ್ನು ಕರೆದುಕೊಂಡು, ಎರಡು ಬುಟ್ಟಿ ಹಣ್ಣು ಹೊತ್ತುಕೊಂಡು ಬಂದ. ಶಾಂತಮ್ಮನೂ ಬಂದಿದ್ದರು. ಹಣ್ಣು ಹೆಚ್ಚುತ್ತಾ ಕೂತಾಗ ಅನು ಕೇಳಿದಳು: “ದೊಡ್ಡಜ್ಜಿ, ನಮ್ಮಪ್ಪ ಹುಟ್ಟಿದಾಗ ಹೆಂಗಿದ್ದ?”

ಮಂಜ ಹುಟ್ಟಿದಾಗ ನಮ್ಮ ತವರಿನಲ್ಲಿ ಸೂಲಗಿತ್ತಿಯ ಪಕ್ಕ ಇದ್ದು ಅವನನ್ನು ಮೊದಲು ಕೈಗೆ ತೆಗೆದುಕೊಂಡವಳು ಅಕ್ಕ. ಅವಳು ಬಾಯಿ ತೆರೆದಳು. ಮುಚ್ಚಿದಳು. ನನ್ನ ಮುಖ ನೋಡಿದಳು.

“ನಂಗೊತ್ತಿಲ್ಲ ಕಣಮ್ಮ. ಲಚ್ಚಿ, ನೀನೇ ಹೇಳೇ. ನಾನೇನಾದ್ರೂ ತಪ್ಪು ಹೇಳ್ಬಿಡ್ತೀನಿ.”

ನನಗೆ ಅಳು ಬರಲಿಲ್ಲ. ಅಳುವ ಜಾತಿಯವಳಲ್ಲ. ಆಗಲೂ ಬಾಯಿ ಬಿಡಲಿಲ್ಲ ನಾನು. ಅಕ್ಕನ ಗಾಡಿ ಹೊರಟು ತಿರುವಿನಲ್ಲಿ ಮರೆಯಾದ ಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಉಂಗುರ ಎಳೆದೆ. ಬೆರಳು ದಪ್ಪವಾಗಿತ್ತು, ಚರ್ಮ ಕಿತ್ತು ಬಂತು.

ತಂದು ಅನುವಿನ ಮುಂದಿಟ್ಟೆ. “ಇದು ನಿಂದು. ನಾನು ಫೆಬ್ರವರೀಲಿ ಹುಟ್ಟಿದವಳಲ್ಲ. ಗೊತ್ತಿದ್ದೇ ಸುಳ್ಳು ಹೇಳಿದ್ದು. ನಿಮ್ಮ ದೊಡ್ಡಜ್ಜಿ ಹೇಳಿದ್ದೇ ನಿಜ.”

“ಏನಮ್ಮಾ ಇದು!” ಅಂದ ಮಂಜ. ಸುನೀತಳ ಮುಖ ಬಿಳುಪೇರಿತು — ಅಕ್ಕನ ಮಗನಿಗೆ ಫೋನ್ ಮಾಡಿದವಳು ಅವಳೇ. ಶಾಂತಮ್ಮ ಆ ಉಂಗುರವನ್ನು ಅನುವಿನ ಕಡೆ ಸರಿಸಿದರು.

“ಆ ಮಹಾಯಾಜಕನ ಕಲ್ಲುಗಳ ಮೇಲೆ ಕೆತ್ತಿದ್ದು ಹೆಸರು ಬೀಗರೇ, ತಿಂಗಳಲ್ಲ,” ಅಂದರು. “ಇದು ನಂಗೆ ಬೇಕು ಅಂದಿದ್ರೆ ಕೊಡ್ತಿದ್ದೆ.” ಆಮೇಲೆ, “ಕಲ್ಲಿನ ಮಾತು ಬಿಡಿ. ನಿಮ್ಮಕ್ಕನಿಗೆ ಹೇಳಿದ್ರಾ?”

ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ.

“ಹಂಗಾದ್ರೆ ನಾವಿಬ್ರೂ ಜೋಡಿ ಅಲ್ವಾ ಅಜ್ಜಿ?” ಅಂತ ಅನು ಕೇಳಿದಳು.

“ಅಲ್ಲ,” ಅಂದೆ. ಏನಾದರೂ ಸೇರಿಸಬಹುದಿತ್ತು ಆ ಮಾತಿಗೆ. ಸೇರಿಸಲಿಲ್ಲ. ಸೇರಿಸಿ ಸೇರಿಸಿಯೇ ಇಷ್ಟಾಗಿತ್ತು. ಅವಳು ನನಗೆ ಬೆನ್ನು ಹಾಕಿ ಕೂತು ಊಟ ಮಾಡಿದಳು.

ಮರುದಿನ ಬೆಳಿಗ್ಗೆ ನಾನು ಸೀರೆ ಉಟ್ಟು ಹೊರಗೆ ಬಂದಾಗ ಅನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಉಂಗುರ ಅವಳ ಬೆರಳಿಗೆ ಸಡಿಲ, ಕರಿ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಜೊತೆಗೆ ನಡೆದಳು. ಮಾಲೂರು, ಕೋಲಾರ, ಅಲ್ಲಿಂದ ಶ್ರೀನಿವಾಸಪುರದ ಬಸ್ಸು — ದಾರಿಯುದ್ದಕ್ಕೂ ಕಿಟಕಿ ಕಡೆಗೇ ಮುಖ.

ಅಕ್ಕ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ನಾನು ಕೂರಲಿಲ್ಲ. ಅವಳ ಮಗನನ್ನು ಕರೆದೆ, ಸೊಸೆಯನ್ನು ಕರೆದೆ, ಪಕ್ಕದ ಮನೆಯವರು ಇಣುಕಿದರು, ಅವರೂ ಕೇಳಲಿ ಅಂತ ಬಿಟ್ಟೆ. ನಿಂತೇ ಎಲ್ಲ ಹೇಳಿದೆ. ಕಲ್ಲು, ತಿಂಗಳು, ಕೇಕು, ನಾದಿನಿ ಅಂತ ಕಟ್ಟಿದ ಕಥೆ. “ಅವಳ ತಲೆ ನೆಟ್ಟಗೇ ಐತೆ. ಬೀಗದಕೈ ಅವಳಿಗೆ ಕೊಡಮ್ಮ,” ಅಂತ ಸೊಸೆಗೆ ಹೇಳಿದೆ.

ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೆ. ಅವಳು ನನ್ನ ಸೆರಗು ಹಿಡಿದು, ಸಣ್ಣ ದನಿಯಲ್ಲಿ, “ನಿಜವಾಗ್ಲೂನಾ ಲಚ್ಚಿ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?” ಅಂದಳು.

ಆಗ ಅನು ಅವಳ ಪಕ್ಕ ಹೋಗಿ ಕೂತಳು. “ದೊಡ್ಡಜ್ಜಿ, ನಮ್ಮಜ್ಜಿ ಹುಟ್ಟಿದ್ದು ಯಾವಾಗ?”

ಅಕ್ಕ ಮತ್ತೆ ನನ್ನ ಮುಖ ನೋಡಿದಳು.

“ನನ್ನ ನೋಡಬೇಡ,” ಅಂದೆ. “ನೀನೇ ಹೇಳು.”

ಹೇಳಿ, ಅವಳಿಗೆ ನನ್ನ ಮುಖ ಕಾಣದ ಹಾಗೆ, ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತೆ. ನಾನು ತಿರುಗಲಿಲ್ಲ. ಅವಳು ಹೇಳಲು ಶುರುಮಾಡುವವರೆಗೂ ತಿರುಗದೆ ಕೂತಿದ್ದೆ.