ಸಾದಾ ಮೊಳೆಯ ದರಕ್ಕೆ ಸ್ಟೀಲ್ ಮೊಳೆ

ಒಂದು ಕಿಲೋ ಸ್ಟೀಲ್ ಮೊಳೆ. ಬ್ರೂಸ್‌ಪೇಟೆಯ ಅಂಗಡಿಯವನು ನೂರಾ ಅರವತ್ತು ಹೇಳಿದ. ನಾನು ಅರ್ಧ ಗಂಟೆ ನಿಂತು, ಎರಡು ಸಲ ಹೊರಟಂತೆ ಮಾಡಿ, ಸಾದಾ ಮೊಳೆಯ ದರ ತೊಂಬತ್ತಕ್ಕೇ ತಂದೆ. ಆಮೇಲೆ ಅದೇ ಮೊಳೆಗೆ ಇನ್ನೊಂದು ಬೆಲೆ ತೆರಬೇಕಾಯಿತು. ಮೌಲಾ ಮಾಸ್ತರನ ಬಲಗಣ್ಣು.

ಮೊಳೆ ಯಾಕೆ ಬೇಕಿತ್ತು? ಬಗ್ಗಿಸಲು. ಬರೀ ಕೈಯಿಂದ.

ನಗಬೇಡಿ. ಇದೂ ಒಂದು ಕಸರತ್ತು. ಮೊಳೆಯ ಎರಡೂ ತುದಿಗೆ ದಪ್ಪ ಬಟ್ಟೆ ಸುತ್ತಿ, ಗದ್ದದ ಕೆಳಗೆ ಹಿಡಿದು, ಎರಡೂ ಹೆಬ್ಬೆರಳು ನಡುವಿಗೆ ಒತ್ತಿ U ಆಕಾರಕ್ಕೆ ತರುವುದು. ಮುಷ್ಟಿಯ ಬಲದ ಪರೀಕ್ಷೆ. ಫೋನ್ ತೆರೆದರೆ ಸಾಲುಸಾಲು ವಿಡಿಯೋ.

ನಾನು ಕಲಿತದ್ದು ಫೋನಿನಿಂದಲ್ಲ, ಮೌಲಾನಿಂದ. ಬಳ್ಳಾರಿಯಲ್ಲಿ ನಾನು ಕೂಲಿ ಕೊಟ್ಟು ಜೀನ್ಸ್ ಹೊಲಿಸುವ, ಬೇರೆಯವರ ಯೂನಿಟ್‌ನಲ್ಲಿ ಅವನು ಕಟಿಂಗ್ ಮಾಸ್ತರ. ಮೊದಲು ಸೈಕಲ್ಲಿಗೆ ಪ್ಯಾಂಟಿನ ಗಂಟು ಕಟ್ಟಿ ಕುರುಗೋಡಿನವರೆಗೆ ಮಾರುತ್ತಿದ್ದ ನನಗೆ, ಇವತ್ತು ನಾಲ್ಕು ಊರಿನ ಅಂಗಡಿಗಳಿಗೆ ಮಾಲು ಹಾಕುವ ಮಟ್ಟ ಬಂದಿದ್ದರೆ ಅದರಲ್ಲಿ ಅವನ ಕತ್ತರಿಯ ಪಾಲು ದೊಡ್ಡದು. ಮಷಿನ್ ಬರುವ ಮುಂಚೆ ವರ್ಷಗಟ್ಟಲೆ ದಪ್ಪ ಡೆನಿಮ್ಮನ್ನು ಕೈಕತ್ತರಿಯಲ್ಲೇ ಕತ್ತರಿಸಿದವನು. ಆ ಮುಷ್ಟಿ ಹೇಗಿರಬೇಡ! ಚಹಾದ ಹೊತ್ತಿಗೆ ಐದಿಂಚಿನ ಮೊಳೆಯನ್ನು ಬಗ್ಗಿಸಿ ಟೇಬಲ್ ಮೇಲಿಟ್ಟು, ಏನೂ ಆಗದವನಂತೆ ಚಹಾ ಕುಡಿಯುತ್ತಿದ್ದ.

ನನಗೆ ಹುಚ್ಚು ಹತ್ತಿಸಿದ್ದು ಸಿರುಗುಪ್ಪದ ನನ್ನ ಭಾಮೈದ. ಊಟಕ್ಕೆ ಕೂತಾಗ ನನ್ನ ಕೈ ಹಿಡಿದು ನೋಡಿ, ಎಲ್ಲರೆದುರು ಅಂದ:

“ಏನು ಮಾಮಾ, ಈ ಕೈ ಬರೇ ರೇಟ್ ಇಳಿಸಾಕ ಅದಾವೇನು? ಒಂದು ತೆಂಗಿನಕಾಯಾದ್ರೂ ಸುಲೀತಾವೋ ಇಲ್ಲೋ?”

ಐವತ್ತು ದಾಟಿದವನಿಗೆ ಇಂಥ ಮಾತು ಎಲ್ಲಿ ನಾಟುತ್ತದೆ ಗೊತ್ತಲ್ಲ?

ಮರುದಿನವೇ ಮೌಲಾನ ಮುಂದೆ ನಿಂತೆ. ಅವನು ಜೀನ್ಸ್ ತುಂಡುಗಳನ್ನು ಕತ್ತರಿಸಿ ಕೊಟ್ಟ. ತೆಳುವಾದ ಸಾದಾ ಮೊಳೆಯಿಂದ ಶುರು ಮಾಡಿಸಿದ. ವಾರಕ್ಕೆ ಎರಡೇ ದಿನ. “ಮಣಿಕಟ್ಟು ನೋವಾದ್ರ ಬಿಟ್ಟುಬಿಡ್ರಿ ಸಾವ್ಕಾರ್ರ, ಮೊಳಿ ಎಲ್ಲೂ ಓಡಿ ಹೋಗಂಗಿಲ್ಲ.” ಮೊದಲ ವಾರ ಅಂಗೈ ಕೆಂಪಾಯಿತು, ಮೊಳೆ ನೆಟ್ಟಗೇ ಇತ್ತು. ತಿಂಗಳು ಕಳೆಯುವಷ್ಟರಲ್ಲಿ ಒಂದು ಬಾಗಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ!

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ವ್ಯಾಪಾರಿಯ ತಲೆ. ಗಟ್ಟಿ ಮಾಲು ಅದೇ ದರಕ್ಕೆ ಸಿಗುವಾಗ ಮೆತ್ತಗಿನದು ಯಾಕೆ? ಹಾಗೆ ಬಂದದ್ದು ಆ ಸ್ಟೀಲ್ ಮೊಳೆ.

ಮೌಲಾ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದ. “ಇದು ಸಿಮೆಂಟ್ ಗ್ವಾಡಿಗೆ ಹೊಡಿಯೋದು. ಬಾಗಂಗಿಲ್ಲ, ಮುರೀತೈತಿ. ವಾಪಸ್ ಕೊಡ್ರಿ.”

ಅಷ್ಟು ಚೌಕಾಸಿ ಮಾಡಿ ತಂದದ್ದನ್ನು ವಾಪಸ್ ಕೊಡುವುದೇ? ಅಂಗಡಿಯವನ ಮುಂದೆ ನನ್ನ ಮುಖ ಏನಾಗಬೇಕು?

ಈಗ ಬರೆಯುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಆ ಶನಿವಾರ ಬೆಳಿಗ್ಗೆ ಯೂನಿಟ್‌ಗೆ ಎಲ್ಲರಿಗಿಂತ ಮೊದಲು ಹೋದೆ. ಶಟರ್‌ನ ಬೀಗದ ಕೊಂಡಿಯೊಳಗೆ ಒಂದು ಮೊಳೆ ಸಿಕ್ಕಿಸಿ, ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ನಡುವೆ ಕೂದಲೆಳೆಯಷ್ಟು ಬಾಗಿಸಿದೆ. ಮತ್ತೆ ಹೊಡೆದು ನೆಟ್ಟಗೆ ಮಾಡಿದೆ. (ಮುಂದಿನ ಕೆಲಸ ಹಗುರವಾಗಲಿ ಎಂದು. ಮೊಳೆಯ ಒಳಗೆ ಬಿರುಕು ಬಿಟ್ಟಿರಬಹುದೆಂದು ಹೊಳೆಯಲೇ ಇಲ್ಲ.)

ಹನ್ನೊಂದರ ಚಹಾ ಬಂತು. ನನ್ನ ಫೋನನ್ನು ಮೌಲಾನ ಕೈಗೆ ಕೊಟ್ಟೆ. “ವಿಡಿಯೋ ಮಾಡು. ಸಿರುಗುಪ್ಪಕ್ಕ ಕಳಸ್ಬೇಕು.”

“ಮ್ಯಾಲೆ ಪೂರಾ ಬಟ್ಟಿ ಸುತ್ರಿ,” ಅಂದ.

“ಸುತ್ತಿದ್ರ ಮೊಳಿ ಕಾಣಂಗಿಲ್ಲೋ. ಇನ್ನೊಂಚೂರು ಮುಂದ ಬಾ.”

ಅವನು ಮುಂದೆ ಬಂದ. ನಗುತ್ತಿದ್ದ. “ಹೂಂ, ಒತ್ರಿ! ಸಾವ್ಕಾರ್ರ, ಒತ್ರಿ!”

ಒತ್ತಿದೆ. ಟಪ್ ಎಂದು ಸದ್ದು. ಎರಡು ತುಂಡೂ ನನ್ನ ಕೈಯಲ್ಲೇ ಇದ್ದವು. ಹಾರಿದ್ದು ಜೋಳದ ಕಾಳಿಗಿಂತ ಸಣ್ಣ ಚೂರು.

ಆಸ್ಪತ್ರೆಯಲ್ಲಿ ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಕೌಂಟರಿನವರು ಆಪರೇಷನ್‌ಗೆ ಎಷ್ಟು ಕಟ್ಟಬೇಕು ಎಂದು ಹೇಳಿದರು. ನನ್ನ ಬಾಯಿ, ನನ್ನನ್ನು ಕೇಳದೆಯೇ, “ಏನಾರ ಕಡಿಮಿ ಮಾಡ್ರಿ” ಅಂದಿತು.

ಮೂವತ್ತು ವರ್ಷದ ರೂಢಿ. ಸೊಪ್ಪಿನವಳಿಗೂ ಅದೇ, ನೂಲಿನವನಿಗೂ ಅದೇ. ತಕ್ಷಣ ಪೂರ್ತಿ ಕಟ್ಟಿದೆ. ಆದರೆ ಎರಡೇ ಮಾರು ದೂರದಲ್ಲಿದ್ದ ಮೌಲಾ ಕೇಳಿಸಿಕೊಂಡಿದ್ದ. ಬ್ಯಾಂಡೇಜು ಇಲ್ಲದ ಕಣ್ಣನ್ನು ಒಂದು ಸಲ ನನ್ನ ಕಡೆ ತಿರುಗಿಸಿ, ಮುಚ್ಚಿಕೊಂಡ.

ಡಾಕ್ಟರು ಚೂರು ತೆಗೆದರು. ಆ ಕಣ್ಣಿಗೆ ಬೆಳಕು ಗೊತ್ತಾಗುತ್ತದೆ, ಮುಂದೆ ಹಿಡಿದ ಬೆರಳು ಎಷ್ಟೆಂದು ಗೊತ್ತಾಗುವುದಿಲ್ಲ.

ಮೂರು ತಿಂಗಳಿಗೆ ಕೆಲಸಕ್ಕೆ ಬಂದ. ಎಂಬತ್ತು ಪದರ ಡೆನಿಮ್ ಒಂದರ ಮೇಲೊಂದು ಹಾಸಿ, ಚಾಕ್‌ಪೀಸಿನ ಗೆರೆ ಹಿಡಿದು ಮಷಿನ್ ಓಡಿಸಬೇಕು. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗಲಿಲ್ಲ. ಎಂಬತ್ತೂ ಪ್ಯಾಂಟಿನ ಎಡಗಾಲು ಸೊಟ್ಟಗಾಯಿತು. ಯೂನಿಟ್ ಮಾಲೀಕರ ಹತ್ತಿರ ಅವನ ಪರ ಮಾತಾಡಿದೆ. ನನ್ನ ಜೀವನದಲ್ಲಿ ಅಷ್ಟು ಚೌಕಾಸಿ ಮಾಡಿದ್ದಿಲ್ಲ. ಅವರು ಜಗ್ಗಲಿಲ್ಲ. “ಬೆರಳು ಹೋದ್ರ ಯಾರು ಜವಾಬ್ದಾರಿ, ನೀವಾ?” ಅಂದರು. ಹೌದು ಎನ್ನಲು ನನಗೂ ಧೈರ್ಯ ಬರಲಿಲ್ಲ.

ಈಗ ಮೌಲಾ ಹೊಲಿದ ಪ್ಯಾಂಟುಗಳ ಉಳಿದ ದಾರ ಕತ್ತರಿಸುತ್ತಾನೆ, ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು. ಮೊನ್ನೆ ಪಕ್ಕದಲ್ಲಿ ಕೂತು, ಹೆಂಗ ನಡದೈತಿ ಎಂದು ಕೇಳಿದೆ.

“ದಾರ ಕಾಣ್ತೈತ್ರಿ,” ಅಂದ. “ಗೆರಿ ಕಾಣಂಗಿಲ್ಲ.”

ಸುತ್ತಿಗೆಯ ಮಾತನ್ನು ಅಲ್ಲೇ ಹೇಳಬೇಕಿತ್ತು. ಪತ್ರಿಕೆಯ ಈ ಪುಟವನ್ನು ಇವತ್ತು ಯಾರೋ ಅವನಿಗೆ ಓದಿ ಹೇಳುತ್ತಾರೆ. ಅಷ್ಟರೊಳಗೆ ನಾನೇ ಹೋಗಿ ಅವನ ಮುಂದೆ ನಿಂತಿರಬೇಕು.

ನಿಮಗೂ ಮೊಳೆ ಬಗ್ಗಿಸುವ ಹುಮ್ಮಸ್ಸು ಬಂದಿದ್ದರೆ ಬೇಡ ಎನ್ನುವುದಿಲ್ಲ. ಸಾದಾ ಕಬ್ಬಿಣದ್ದನ್ನೇ ಕೊಳ್ಳಿ, ಹೊಸದನ್ನೇ ಹಿಡಿಯಿರಿ. ಒಮ್ಮೆ ಬಾಗಿಸಿ ನೆಟ್ಟಗೆ ಮಾಡಿದ್ದನ್ನು ಮುಟ್ಟಲೇಬೇಡಿ. ನಡುವೂ ಮುಚ್ಚುವಂತೆ ಬಟ್ಟೆ ಸುತ್ತಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ, ಅದಕ್ಕೆ ಕೇಳಿದಷ್ಟು ಕೊಡಿ. ಎದುರಿಗೆ ಯಾರನ್ನೂ ನಿಲ್ಲಿಸಬೇಡಿ.

ನಿಮ್ಮನ್ನು ನೋಡಿ ಖುಷಿ ಪಡುವವನನ್ನಂತೂ ಬೇಡವೇ ಬೇಡ. “ಮುಂದೆ ಬಾ” ಎಂದರೆ ಅವನೊಬ್ಬನೇ ಬರುತ್ತಾನೆ.